ಉಗಿ ಕಾರಿನ ಏಳು ವರ್ಷ

ಉಗಿ ಕಾರು ಪೆಟ್ರೋಲ್ ಕಾರಿಗೆ ಸೋತದ್ದು ವೇಗ ಸಾಲದೆ ಎಂಬ ನಂಬಿಕೆ ಇದೆ. ಆದರೆ 1902ರ ಏಪ್ರಿಲ್ 13ರಂದು ಫ್ರಾನ್ಸಿನ ನೀಸ್ ನಗರದ ಕಡಲತಡಿಯ ರಸ್ತೆಯಲ್ಲಿ ಲಿಯೋನ್ ಸೆರ್ಪೋಲೆ ತನ್ನದೇ ಉಗಿ ಕಾರನ್ನು ಗಂಟೆಗೆ 120.8 ಕಿ.ಮೀ. ವೇಗದಲ್ಲಿ ಓಡಿಸಿ ವಿಶ್ವದಾಖಲೆ ಬರೆದ. ಅದುವರೆಗೆ ಆ ಪಟ್ಟ ವಿದ್ಯುತ್ ಕಾರುಗಳದ್ದಾಗಿತ್ತು; ಪೆಟ್ರೋಲಿಗೆ ಇನ್ನೂ ಒಲಿದಿರಲಿಲ್ಲ. ಗಾಳಿ ಸೀಳಲೆಂದು ದುಂಡಗೆ ಮಾಡಿದ್ದ ಆ ಕಾರಿಗೆ ಜನ ಇಟ್ಟ ಹೆಸರು ‘ಈಸ್ಟರ್ ಮೊಟ್ಟೆ’.

ಸೆರ್ಪೋಲೆ ಹುಟ್ಟಿದ್ದು 1858ರಲ್ಲಿ, ಕ್ಯೂಲೋ ಎಂಬ ಸಣ್ಣ ಊರಿನಲ್ಲಿ. ಉಗಿಗಾಡಿ ಎಂದರೆ ಆಗ ಎರಡು ತಲೆನೋವು: ನೀರು ಕಾಯುವವರೆಗೆ ಕಾದು ಕೂರಬೇಕು, ಕಾದ ಮೇಲೆ ಬಾಯ್ಲರ್ ಎಲ್ಲಿ ಸಿಡಿಯುತ್ತದೋ ಎಂದು ಹೆದರಬೇಕು. ಸೆರ್ಪೋಲೆಯೂ ಅವನ ಅಣ್ಣನೂ ಸೇರಿ ಬಾಯ್ಲರಿನಲ್ಲಿ ನೀರನ್ನೇ ತುಂಬಿಡದ ಉಪಾಯ ಹುಡುಕಿದರು. ದಪ್ಪ ಗೋಡೆಯ ಉಕ್ಕಿನ ಕೊಳವೆಗಳನ್ನು ಚಪ್ಪಟೆ ಮಾಡಿ ಚೆನ್ನಾಗಿ ಕಾಯಿಸುವುದು. ಬೇಕಾದಾಗ ಬೇಕಾದಷ್ಟೇ ನೀರನ್ನು ಒಳಗೆ ಪಂಪು ಮಾಡುವುದು. ಕಾದ ಕಾವಲಿಗೆ ಚಿಮುಕಿಸಿದ ನೀರಿನಂತೆ ಅದು ಆ ಕ್ಷಣವೇ ಉಗಿಯಾಗುತ್ತಿತ್ತು. ಸಿಡಿಯುವಷ್ಟು ಉಗಿ ಒಳಗೆ ಸೇರಿಕೊಳ್ಳುವ ಮಾತೇ ಇಲ್ಲ. ನನ್ನ ಮಟ್ಟಿಗೆ ವೇಗದ ದಾಖಲೆಗಿಂತ ದೊಡ್ಡ ಸಾಧನೆ ಇದು. ಪ್ಯಾರಿಸ್ಸಿನ ಟ್ರಾಮುಗಳಲ್ಲೂ ಈ ಬಾಯ್ಲರ್ ಕೆಲಸ ಮಾಡಿತು.

ಫ್ರಾನ್ಸಿನ ವಾಹನ ತಯಾರಕ ಅರ್ಮಾನ್ ಪೆಜೊ ತನ್ನ ಮೊದಲ ಮೂರು ಚಕ್ರದ ಗಾಡಿಗೆ ಸೆರ್ಪೋಲೆಯ ಯಂತ್ರವನ್ನೇ ಕೂರಿಸಿ 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಇಟ್ಟಿದ್ದ. ಮರುವರ್ಷ ಜನವರಿಯ ಚಳಿಯಲ್ಲಿ ಸೆರ್ಪೋಲೆಯೂ ಗೆಳೆಯ ಎರ್ನೆಸ್ಟ್ ಆರ್ಷ್‌ಡಿಯಾಕೊನನೂ ಪ್ಯಾರಿಸ್ಸಿನಿಂದ ಲಿಯೋನ್ ನಗರಕ್ಕೆ ಉಗಿಗಾಡಿಯಲ್ಲೇ ಹೋದರು. ದಾರಿಯುದ್ದಕ್ಕೂ ರಿಪೇರಿ. (ಮುಂದೆ ಫ್ರಾನ್ಸಿನ ವಿಮಾನ ಸಾಹಸಿಗಳ ಬೆನ್ನಿಗೆ ನಿಂತ ಆಸಾಮಿ ಇದೇ ಆರ್ಷ್‌ಡಿಯಾಕೊನ್.) ಪೆಜೊ ಮಾತ್ರ ಕಾಯಲಿಲ್ಲ; ಬೇಗನೆ ಪೆಟ್ರೋಲಿನತ್ತ ಹೊರಳಿದ.

ಸೆರ್ಪೋಲೆಗೆ ದುಡ್ಡಿನ ಬಲ ಸಿಕ್ಕಿದ್ದು ಅಮೆರಿಕದ ಸಿರಿವಂತ ಫ್ರಾಂಕ್ ಗಾರ್ಡ್ನರ್‌ನಿಂದ. 1900ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಗಾರ್ಡ್ನರ್-ಸೆರ್ಪೋಲೆ ಕಾರುಗಳು ತಯಾರಾಗತೊಡಗಿದವು. ಎದುರುಬದುರಾಗಿ ಮಲಗಿದ ನಾಲ್ಕು ಸಿಲಿಂಡರ್, ಉರಿಯಲು ಸೀಮೆಎಣ್ಣೆ. ನೀರಿನ ಪಂಪನ್ನೂ ಎಣ್ಣೆಯ ಪಂಪನ್ನೂ ಒಂದಕ್ಕೊಂದು ಜೋಡಿಸಿದ್ದರಿಂದ ನೀರು ಹೆಚ್ಚಿದಂತೆ ಉರಿಯೂ ಹೆಚ್ಚುತ್ತಿತ್ತು. ಗೇರಿನ ಗೊಡವೆಯಿಲ್ಲ, ಎಂಜಿನ್ನಿನ ಗದ್ದಲವಿಲ್ಲ. ಹಾಗೆಂದು ಸುಲಭದ ಕಾರೂ ಅಲ್ಲ. ಬರ್ನರ್, ಪಂಪು, ಉಗಿಯನ್ನು ಮತ್ತೆ ನೀರಾಗಿಸುವ ಕಂಡೆನ್ಸರ್, ಎಲ್ಲದರ ಮೇಲೂ ಕಣ್ಣಿಡುವ ಚಾಲಕ ಬೇಕು. ಅದೇ ಕಾಲಕ್ಕೆ ಪೆಟ್ರೋಲ್ ಎಂಜಿನ್ ವರ್ಷದಿಂದ ವರ್ಷಕ್ಕೆ ಪಳಗುತ್ತಿತ್ತು. ನೀಸ್ ದಾಖಲೆಯೂ ನಾಲ್ಕು ತಿಂಗಳು ಬಾಳಲಿಲ್ಲ. ಆಗಸ್ಟಿನಲ್ಲಿ ವಿಲಿಯಂ ವಾಂಡರ್‌ಬಿಲ್ಟ್ ಮೋರ್ಸ್ ಕಂಪನಿಯ ಪೆಟ್ರೋಲ್ ಕಾರಿನಲ್ಲಿ ಅದನ್ನು ಮುರಿದ.

ಉಗಿಯನ್ನು ಸುಧಾರಿಸುತ್ತಲೇ ಇರಲು ಸೆರ್ಪೋಲೆಯಂಥವನೊಬ್ಬ ಬೇಕಿತ್ತು, ಕಂಪನಿಯಲ್ಲಿ ಇದ್ದವನು ಅವನೊಬ್ಬನೇ. 1907ರ ಫೆಬ್ರವರಿಯಲ್ಲಿ, ಐವತ್ತು ತುಂಬುವ ಮೊದಲೇ ಅವನು ತೀರಿಕೊಂಡ. ಅಲ್ಲಿಗೆ ಕಾರುಗಳ ತಯಾರಿಕೆಯೂ ನಿಂತಿತು. ಡಾರಕ್ ಕಂಪನಿಯ ಜೊತೆ ಸೇರಿ ಅವನು ಶುರುಮಾಡಿದ್ದ ಉಗಿ ಬಸ್ಸುಗಳು ಇನ್ನು ಕೆಲವು ವರ್ಷ ಓಡಿದವು.