ಎಲ್ಲಿ ನಿಲ್ಲಬೇಕೆಂಬ ವಿದ್ಯೆ

ಸಂಜೆ ಐದೂವರೆಗೆ ತುಮಕೂರಿನ ಟೌನ್‌ಹಾಲ್ ಸರ್ಕಲ್ಲಿನಲ್ಲಿ ಸೇರಿ ಎಂದಿದ್ದರು ಮೇಷ್ಟ್ರು. ಹನ್ನೊಂದು ಜನ ಸೇರಿದೆವು. ಬಸ್ಸಿನ ಹಾರನ್ನು, ಆಟೋದವರ ಕೂಗು, ಆಫೀಸು ಬಿಟ್ಟವರ ನೂಕುನುಗ್ಗಲು. ಮೇಷ್ಟ್ರು ಅಲ್ಲಿ ಬಾಯಿ ಬಿಡಲೇ ಇಲ್ಲ. ತಲೆ ಎಣಿಸಿದರು, ಮೊಮ್ಮಗಳ ಜೊತೆ ಬಂದಿದ್ದ ಅಜ್ಜಿಯೊಬ್ಬರ ಚಪ್ಪಲಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿದರು, ಮಡಿಸಿದ ಕೊಡೆಯನ್ನು ತಲೆಯ ಮೇಲೆ ಎತ್ತಿ ತೋರಿಸಿ ನಡೆದೇಬಿಟ್ಟರು. ಅಡ್ಡರಸ್ತೆಯೊಂದಕ್ಕೆ ತಿರುಗಿ, ಬಾಗಿಲು ಹಾಕಿದ್ದ ಹಳೇ ಅಂಗಡಿಯೊಂದರ ಜಗಲಿಯ ಬಳಿ ನಿಂತರು. ಅವರ ಬೆನ್ನಿಗೆ ಗೋಡೆ, ಮುಖಕ್ಕೆ ಇಳಿಬಿಸಿಲು. ನಮ್ಮ ಕಣ್ಣಿಗೆ ಬಿಸಿಲಿನ ತಂಟೆಯಿಲ್ಲ. ಅಜ್ಜಿ ಜಗಲಿಯ ಮೇಲೆ ಕೂತರು. "ಈಗ ಕೇಳಿಸ್ತಾ ಎಲ್ಲಾರ್ಗೂ?" ಎಂದು ಮೆಲ್ಲಗೆ ಕೇಳಿದರು. ಕೇಳಿಸಿತು.

ಊರು ತೋರಿಸುವುದೂ ಒಂದು ಕಸುಬು ಎಂದು ನನಗೆ ಹೊಳೆದದ್ದು ಆಗ. ಅದಕ್ಕೆ ಮುಂಚೆ ಅದು ಬಾಯಿದ್ದವರ ಕೆಲಸ ಅಂದುಕೊಂಡಿದ್ದೆ. ಹಿಂದಿನ ದಸರಾ ರಜೆಯಲ್ಲಿ ಊರಿಗೆ ಬಂದ ಭಾವಮೈದುನನನ್ನು ಗುಬ್ಬಿಗೆ ಕರೆದುಕೊಂಡು ಹೋಗಿದ್ದೆ. ಬಸ್ಸಿನಲ್ಲಿ ಕೂತಾಗಲೇ ಶುರು ಮಾಡಿ, ಗೊತ್ತಿದ್ದ ಇಸವಿ, ಹೆಸರು, ಪವಾಡ ಎಲ್ಲವನ್ನೂ ಅವನ ಕಿವಿಗೆ ಸುರಿದೆ. ಗುಡಿಯ ಮುಂದೆ ಇಳಿಯುವ ಹೊತ್ತಿಗೆ ನನ್ನ ಚೀಲ ಖಾಲಿ, ಅವನ ತಲೆ ಭರ್ತಿ. "ಭಾವ, ಇಲ್ಲಿ ಒಳ್ಳೆ ಟೀ ಎಲ್ಲಿ ಸಿಗುತ್ತೆ?" ಎಂದ. ತಪ್ಪು ಅವನದಲ್ಲ. ಬಡಿಸುವ ಮುಂಚೆ ಊಟದ ರುಚಿ ವರ್ಣಿಸಿದವನು ನಾನು.

ಇಟಲಿಯ ಹಳೆಯ ನಗರಗಳಲ್ಲಿ ಇದೇ ಕೆಲಸ ಎಷ್ಟೋ ಮನೆಗಳ ಒಲೆ ಉರಿಸುತ್ತದೆ. ಗೈಡ್ ಆಗಲು ಅಲ್ಲಿ ಪರೀಕ್ಷೆ ಪಾಸು ಮಾಡಬೇಕು, ಪರವಾನಗಿ ಪಡೆಯಬೇಕು. ರಾತ್ರಿಯೂಟಕ್ಕೆ ಮುಂಚೆ ಮನೆಮಂದಿಯೆಲ್ಲ ಬೀದಿಗಿಳಿದು ಸುಮ್ಮನೆ ಅಡ್ಡಾಡುವ ರೂಢಿಗೆ ಅವರಲ್ಲಿ 'ಪಸ್ಸೆಜ್ಜಾತ' ಎಂಬ ಹೆಸರೇ ಇದೆ. ಫ್ಲಾರೆನ್ಸಿನ ಸಿನ್ಯೋರಿಯಾ ಚೌಕಕ್ಕೆ ಹೋದವರೆಲ್ಲ ಕತ್ತೆತ್ತಿ ಮೈಕೆಲ್ಯಾಂಜೆಲೋನ ಡೇವಿಡ್ ವಿಗ್ರಹದ ಪ್ರತಿಯನ್ನು ನೋಡುತ್ತಾರೆ. ಕಸುಬು ಬಲ್ಲ ಗೈಡು ಅವರ ಕತ್ತು ಬಗ್ಗಿಸುತ್ತಾನೆ. ಅಲ್ಲಿ ನೆಲದಲ್ಲಿ ಒಂದು ದುಂಡು ಕಲ್ಲು ಕೂರಿಸಿದ್ದಾರೆ. 1498ರ ಮೇ 23ರಂದು ಸವೊನರೋಲ ಎಂಬ ಸಂನ್ಯಾಸಿಯನ್ನು ಗಲ್ಲಿಗೇರಿಸಿ ಸುಟ್ಟ ಜಾಗ ಅದು. ತಾನು ಯಾವುದರ ಮೇಲೆ ಕಾಲಿಟ್ಟು ನಿಂತಿದ್ದೇನೆ ಎಂದು ಗೊತ್ತಾದ ಮೇಲೆ ಯಾವನೂ ಟೀ ಎಲ್ಲಿ ಎಂದು ಕೇಳುವುದಿಲ್ಲ.

ನಮ್ಮ ಕಡೆಯೂ ಹಂಪಿಯಲ್ಲಿ, ಬೇಲೂರು ಹಳೇಬೀಡಿನಲ್ಲಿ ಗುರುತಿನ ಚೀಟಿ ತೊಟ್ಟ ಗೈಡುಗಳಿದ್ದಾರೆ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆ 'ಪರಿಚಯ್' ಎಂಬ ಹೆಸರಿನಲ್ಲೇ ಪಾರಂಪರಿಕ ನಡಿಗೆಗಳನ್ನು ನಡೆಸುತ್ತ ಬಂದಿದೆ. ನಮ್ಮ ಮೇಷ್ಟ್ರಿಗೆ ಚೀಟಿಯೂ ಇಲ್ಲ, ಫೀಸೂ ಇಲ್ಲ. ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿ ನಿವೃತ್ತರಾದವರು. ಮೂರು ಶನಿವಾರ, ಮೂರು ಸಂಜೆ: ತುಮಕೂರು, ಗುಬ್ಬಿ, ಕುಣಿಗಲ್. ಕೊನೆಗೆ ಒಂದು ಕಾಫಿ ಕುಡಿಸಿದರೆ ಲೆಕ್ಕ ಚುಕ್ತಾ.

ಮೊದಲ ಸಂಜೆ ಅವರು ಹೆಸರುಗಳನ್ನು ಬಿಡಿಸಿದರು. ದಿನಾ ಬಾಯಲ್ಲಿ ಆಡುವ ಹೆಸರನ್ನು ಬಿಡಿಸಿ ಒಳಗಿನ ತೊಳೆ ತೋರಿಸಿದರೆ ಹೊಸಬರಿಗಿಂತ ಊರವರಿಗೇ ಹೆಚ್ಚು ಸಂತೋಷ. "ಬಿ.ಹೆಚ್. ರೋಡು ಅಂತೀರಲ್ಲ, ಬಿ ಅಂದ್ರೆ ಬೆಂಗ್ಳೂರು. ಹೆಚ್ ಅಂದ್ರೆ?" ಇಬ್ಬರು ಹಾಸನ ಎಂದರು. "ಹೊನ್ನಾವರ ಕಣ್ರಪ್ಪ. ಈ ರಸ್ತೆ ಹಿಡಿದು ಹೋಗ್ತಾ ಇದ್ರೆ ಸಮುದ್ರ." ಅಷ್ಟು ಹೇಳಿ ಸುಮ್ಮನಾದರು. ಹತ್ತಾರು ವರ್ಷ ಆ ರಸ್ತೆಯಲ್ಲಿ ತರಕಾರಿ ತಂದವರು ಪಡುವಣ ದಿಕ್ಕಿಗೆ ತಿರುಗಿ ನೋಡಿದರು, ಅಲೆಯ ಸದ್ದು ಕೇಳಿಸೀತೇನೋ ಎಂಬ ಹಾಗೆ.

ಅಮಾನಿಕೆರೆಯ ಹೆಸರೂ ಹಾಗೇ. ಗುತ್ತಿಗೆಗೆ ಕೊಡದೆ ಸರ್ಕಾರವೇ ನೇರವಾಗಿ ಇಟ್ಟುಕೊಂಡದ್ದಕ್ಕೆ ಹಳೆಯ ಕಂದಾಯದ ಲೆಕ್ಕದಲ್ಲಿ ಅಮಾನಿ ಎನ್ನುತ್ತಿದ್ದರು. ಮಂಡಿಪೇಟೆಗೆ ವಿವರಣೆಯೇ ಬೇಡ ಎಂದು ಮೂಟೆಗಳ ನಡುವೆ ನಮ್ಮನ್ನು ನಡೆಸಿದರು, ಮೂಗೇ ಓದಿಕೊಳ್ಳಲಿ ಎಂದು. ಕೊನೆಗೆ ಊರಿನ ಹೆಸರಿಗೆ ಬಂದರು. ಸರ್ಕಾರಿ ಕಾಗದಗಳಲ್ಲಿ 2014ರ ನವೆಂಬರ್ 1ರವರೆಗೂ ಇಂಗ್ಲಿಷಿನ ನಾಲಿಗೆಗೆ ಒಗ್ಗಿದ 'ತುಮ್ಕೂರ್' ಇತ್ತು, ಆಮೇಲೆ ನಾವು ಆಡುವ ತುಮಕೂರು ಬಂತು. ಅದರ ಮೂಲಕ್ಕೆ ಎರಡು ಮಾತಿವೆ. ತುಂಬೆ ಹೂವಿನ ಊರು ಎಂಬುದು ಒಂದು. ಡಂಗುರದವನು ಬಡಿಯುವ ಸಣ್ಣ ವಾದ್ಯ ತುಮುಕಿ, ಅದರ ಊರು ತುಮಕೂರು ಎಂಬುದು ಇನ್ನೊಂದು. ಯಾವುದು ಸರಿ ಎಂದು ಕೇಳಿದೆವು. "ಎರಡೂ ಇಟ್ಕೊಳ್ಳಿ, ಕಾಸು ಕೊಡ್ಬೇಕಾಗಿಲ್ಲ," ಎಂದರು.

ಎರಡನೇ ಸಂಜೆ ಗುಬ್ಬಿ. ನಾನು ಬಸ್ಸಿನಲ್ಲೇ ಖರ್ಚು ಮಾಡಿಬಿಟ್ಟಿದ್ದ ಕಥೆಯನ್ನು ಮೇಷ್ಟ್ರು ಗುಡಿಯ ಆವರಣಕ್ಕೆ ಬರುವ ತನಕ ಮುಷ್ಟಿಯಲ್ಲಿ ಹಿಡಿದಿದ್ದರು. ದಾರಿಯುದ್ದಕ್ಕೂ ಅಡಿಕೆ, ಕೊಬ್ಬರಿಯ ಮಾತು; 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಸಾಹೇಬ ಇಲ್ಲಿಯ ವ್ಯಾಪಾರದ ಬಗ್ಗೆ ಬರೆದಿಟ್ಟದ್ದು. ಗೋಸಲ ಚನ್ನಬಸವೇಶ್ವರ ಸ್ವಾಮಿಯ, ಅಂದರೆ ಊರವರ ಗುಬ್ಬಿಯಪ್ಪನ ಸನ್ನಿಧಿಗೆ ಬಂದು, ಕಲ್ಲುಕಟ್ಟೆಯ ಪಕ್ಕ ನಿಂತು ದನಿ ತಗ್ಗಿಸಿದರು. ಇಲ್ಲಿ ಪುರಾಣ ನಡೆಯುವಾಗ ದಿನಾ ಎರಡು ಗುಬ್ಬಿಗಳು ಬಂದು ಕೂತು ಕೇಳುತ್ತಿದ್ದವಂತೆ. ಪುರಾಣಕ್ಕೆ ಮಂಗಳ ಹಾಡಿದ ದಿನವೇ ಎರಡೂ ಪ್ರಾಣ ಬಿಟ್ಟವಂತೆ. ಊರಿಗೆ ಅವುಗಳ ಹೆಸರೇ ನಿಂತಿತು.

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಅದರ ಮೇಲೆ ಮೇಷ್ಟ್ರು ಇಟ್ಟ ಒಂದೇ ಒಂದು ಮಾತು ಗೊತ್ತಿರಲಿಲ್ಲ: "ಪುರಾಣ ಹೇಳ್ದೋರ ಹೆಸ್ರಲ್ಲಿ ಊರುಗಳು ಎಷ್ಟೋ ಇರಬಹುದು. ಕೇಳ್ದೋರ ಹೆಸರಲ್ಲಿರೋ ಊರು ಇದು."

ಆಮೇಲೆ ಪೋಣಿಸುವ ಕೆಲಸ. ಬಿಡಿ ಸಂಗತಿಗಳನ್ನು ಒಂದೇ ದಾರದಲ್ಲಿ ತರುವುದು ಈ ಕಸುಬಿನ ಕಷ್ಟದ ಭಾಗ. ದಾರ ಬಲವಂತದ್ದಾದರೆ ಜನಕ್ಕೆ ಗೊತ್ತಾಗಿಬಿಡುತ್ತದೆ. ಮೇಷ್ಟ್ರ ದಾರ ಕೇಳುಗರದ್ದೇ. ಹದಿನಾರನೇ ಶತಮಾನದ ಗುಬ್ಬಿಯ ಮಲ್ಲಣಾರ್ಯ, 1513ರಲ್ಲಿ 'ಭಾವಚಿಂತಾರತ್ನ', 1530ರಲ್ಲಿ 'ವೀರಶೈವಾಮೃತ ಪುರಾಣ' ಬರೆದ ಕವಿ; ಆ ಕಾಲಕ್ಕೆ ಕಾವ್ಯವೆಂದರೆ ಒಬ್ಬರು ಓದಿ ಹತ್ತು ಜನ ಕೇಳುವಂಥದ್ದು. ಮುಂದೆ 1884ರಲ್ಲಿ ಇದೇ ದೇವರ ಹೆಸರಿಟ್ಟುಕೊಂಡು ಹುಟ್ಟಿದ್ದು ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಜನರ ಬಾಯಲ್ಲಿ ಗುಬ್ಬಿ ಕಂಪನಿ. ಬಾಲನಟನಾಗಿ ಅದನ್ನು ಸೇರಿದ ವೀರಣ್ಣನವರು (1891–1972) ಅದರ ಯಜಮಾನರಾದರು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ಇಳಿಸಿದ ಕಂಪನಿ ಅದು. ರಾಜ್‌ಕುಮಾರ್ ಅಲ್ಲಿ ಪಳಗಿದವರು. ಮನೆಬಿಟ್ಟು ಬಂದ ಹುಡುಗ ಬಿ.ವಿ. ಕಾರಂತರನ್ನು ಕಾಶಿಗೆ ಓದಲು ಕಳಿಸಿದವರು ವೀರಣ್ಣನವರೇ.

ಇಸವಿಗಳನ್ನು ಮೇಷ್ಟ್ರು ಹಾಗೇ ಕೊಡುವುದಿಲ್ಲ ಎಂಬುದನ್ನೂ ಗಮನಿಸಿದೆ. "ಅಜ್ಜೀ, ನಿಮಗೆಷ್ಟು ವರ್ಷ?" ಎಂದರು. ಎಪ್ಪತ್ತೆರಡು. "ಹಂಗಾದ್ರೆ ನಿಮ್ಮಜ್ಜಿ ಹುಟ್ಟಿದ ಕಾಲಕ್ಕೆ ಕಂಪನಿ ಶುರುವಾಗಿತ್ತು ಅಂತ ಇಟ್ಕೊಳ್ಳಿ." 1884 ಎಂಬ ಒಣ ಅಂಕಿಗೆ ತಟಕ್ಕನೆ ಸೀರೆ ಸೆರಗು ಬಂತು. ಅಜ್ಜಿ, ತಮ್ಮಜ್ಜಿ ಗಾಡಿ ಕಟ್ಟಿಸಿಕೊಂಡು ನಾಟಕಕ್ಕೆ ಹೋಗುತ್ತಿದ್ದ ಸುದ್ದಿ ತೆಗೆದರು. ಮೇಷ್ಟ್ರು ಹತ್ತು ನಿಮಿಷ ಮಾತು ಬಿಟ್ಟುಕೊಟ್ಟು, ಎಲ್ಲರಿಗಿಂತ ಹಿಂದೆ ನಿಂತು ಕೇಳಿದರು. ಗುಬ್ಬಿಯ ಪಾಠವನ್ನು ಅವರು ಮಾಡಿ ತೋರಿಸಿದ್ದು ಹೀಗೆ.

ಮೂರನೇ ಶನಿವಾರ ಬೇಗ ಹೊರಟೆವು. ಕುಣಿಗಲ್ ರಸ್ತೆಯಲ್ಲಿ, ಗೂಳೂರಿನ ಹತ್ತಿರದ ಕೈದಾಳ ಮೊದಲು. ಇಲ್ಲಿ ಊರು ತೋರಿಸುವವನಿಗೆ ದೊಡ್ಡ ಪರೀಕ್ಷೆಯಿದೆ, ಏಕೆಂದರೆ ಇಲ್ಲಿಯ ಕಥೆ ಬಹಳ ಚೆನ್ನಾಗಿದೆ. ಕ್ರೀಡಾಪುರದ ಜಕಣಾಚಾರಿ ಮನೆ ಬಿಟ್ಟು ಹೋಗಿ ಬೇಲೂರಿನಲ್ಲಿ ಚೆನ್ನಕೇಶವನನ್ನು ಕಡೆಯುತ್ತಾನೆ. ಅಪ್ಪನನ್ನು ಹುಡುಕಿಕೊಂಡು ಬಂದ ಮಗ ಡಂಕಣ, ಗುರುತು ತಿಳಿಯದೆಯೇ, ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ಇದ್ದರೆ ನನ್ನ ಬಲಗೈ ಕಡಿದುಕೊಳ್ಳುತ್ತೇನೆ ಎಂದು ಅಪ್ಪನ ಪಂಥ. ಕಲ್ಲಿನ ಹೊಟ್ಟೆಯಿಂದ ಕಪ್ಪೆ ಹೊರಗೆ ಬರುತ್ತದೆ, ಕೈ ಹೋಗುತ್ತದೆ. ಆಮೇಲೆ ಸ್ವಂತ ಊರಿಗೆ ಬಂದು ಇಲ್ಲಿಯ ಕೇಶವನನ್ನು ನಿಲ್ಲಿಸಿದಾಗ ಕೈ ಮತ್ತೆ ಬರುತ್ತದೆ. ಅದಕ್ಕೇ ಊರು ಕೈದಾಳ.

ಮಹಾದ್ವಾರದ ನೆರಳಿನಲ್ಲಿ ಅಜ್ಜಿಯನ್ನು ಕೂರಿಸಿ, ಮೇಷ್ಟ್ರು ಈ ಕಥೆಯನ್ನು ಒಂದು ಎಳೆಯೂ ತಪ್ಪದಂತೆ, ಪೂರ್ತಿ ನಂಬಿಕೆಯಿಂದ ಹೇಳಿದರು. ಮುಗಿದ ಮೇಲೆ ಗಂಗಾಧರೇಶ್ವರ ಗುಡಿಯ ಶಾಸನಗಳ ಮಾತು ತೆಗೆದರು. 1150, 1151ರವು, ಹೊಯ್ಸಳ ಒಂದನೇ ನರಸಿಂಹನ ಕಾಲದ ಸಾಮಂತ ಬಾಚಿ ಎಂಬಾತ ಗುಡಿ ಕಟ್ಟಿಸಿದ್ದನ್ನು ಹೇಳುತ್ತವೆ. "ಬೇಲೂರಲ್ಲಿ ಪ್ರತಿಷ್ಠೆ ಆಗಿದ್ದು 1117. ಇಲ್ಲಿ ಶಾಸನ 1150. ನಡುವೆ ಎಷ್ಟು ಪುಟ್ಟಿ?" ಮೂವತ್ತಮೂರು ಎಂದಳು ಮೊಮ್ಮಗಳು. "ಬೇಲೂರಿಗೆ ಬರೋ ಹೊತ್ಗೆ ಮಗ ಪ್ರಾಯಕ್ಕೆ ಬಂದಿದ್ದ. ಹಂಗಾದ್ರೆ ಇಲ್ಲಿ ಕೆಲಸ ಮುಗಿಸ್ದಾಗ ಅಪ್ಪಂಗೆ ಎಷ್ಟಾಗಿರ್ಬೇಕು?" ಉತ್ತರಕ್ಕೆ ಕಾಯಲಿಲ್ಲ. ಲೆಕ್ಕ ಅವರವರ ತಲೆಯಲ್ಲಿ ನಡೆಯಲಿ ಎಂದು ಬಿಟ್ಟರು.

ಬಿಟ್ಟ ಕಡೆ ಇನ್ನೊಂದು ಇಟ್ಟರು. ಬೇಲೂರಿನ ಶಿಲ್ಪಗಳ ಅಡಿಯಲ್ಲಿ ಕೆತ್ತಿದವರ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಅವರಲ್ಲಿ ಸೇರಿದ್ದಾರೆ. ಅಪ್ಪ ಮಗ ಜೊತೆಗೆ ಉಳಿ ಹಿಡಿದದ್ದಕ್ಕೆ ಕಲ್ಲೇ ಸಾಕ್ಷಿ. "ಕಥೆ ಊರಿಂದು, ಶಾಸನ ಕಲ್ಲಿಂದು. ಎರಡೂ ಕೇಳಿ. ಒಂದರ ಸೊಂಡಿಲು ತಂದು ಇನ್ನೊಂದಕ್ಕೆ ಅಂಟಿಸ್ಬೇಡಿ, ಅಷ್ಟೇ." ಕಥೆಯನ್ನು ಗೇಲಿ ಮಾಡಿದ್ದರೆ ಅಜ್ಜಿ ಎದ್ದು ಹೋಗುತ್ತಿದ್ದರು. ಅದನ್ನೇ ಇತಿಹಾಸ ಎಂದಿದ್ದರೆ ನಾನು ಒಳಗೇ ಗೊಣಗುತ್ತಿದ್ದೆ. ಇಬ್ಬರೂ ಕೂತೇ ಇದ್ದೆವು.

ಕುಣಿಗಲ್ ಮುಟ್ಟಿದಾಗ ಬೆಳಕು ಹಳದಿಯಾಗಿತ್ತು. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಜಾಗವೇ ಈಗಿನ ಕುದುರೆ ಫಾರಂ ಎಂದು ಬಸ್ಸಿನಿಂದಲೇ ತೋರಿಸಿ ಮುಗಿಸಿದರು. ಹೊತ್ತು ಕೆರೆಗೆ ಬೇಕಿತ್ತು.

ಕೆರೆ ಎಂದರೆ ನೀರು ಎಂದು ನೋಡುತ್ತಿದ್ದ ನಮ್ಮನ್ನು ಮೇಷ್ಟ್ರು ನೀರಿಗೆ ಬೆನ್ನು ತಿರುಗಿಸಿ ನಿಲ್ಲಿಸಿದರು. "ಮೊದ್ಲು ಇತ್ಲಾಗಿ ನೋಡಿ." ಏರಿಯ ಕೆಳಗೆ ಹಸಿರು. ನಾವು ನಿಂತದ್ದು ಏರಿ, ನೀರಿನ ಭಾರವನ್ನು ಎದೆ ಕೊಟ್ಟು ತಡೆಯುವ ದಿಬ್ಬ. ಅದರ ಅಡಿಯಿಂದ ಗದ್ದೆಗೆ ನೀರು ಬಿಡುವ ಬಾಯಿ ತೂಬು. ಕೆರೆ ತುಂಬಿದಾಗ ಏರಿ ಒಡೆಯದಂತೆ ಹೆಚ್ಚಿನ ನೀರು ತಾನೇ ಹರಿದು ಹೋಗುವ ತಗ್ಗು ಕೋಡಿ. ತೂಬಿನ ನೀರು ಮುಟ್ಟುವಷ್ಟು ಭೂಮಿ ಅಚ್ಚುಕಟ್ಟು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವವನು ನೀರಗಂಟಿ. ಕಲ್ಲು, ಮಣ್ಣು, ಇಳಿಜಾರು ಬಿಟ್ಟರೆ ಬೇರೆ ಯಂತ್ರವಿಲ್ಲ. "ತೂಬು ಕೇಳಿದಾಗ ಕೊಡುತ್ತೆ, ಕೋಡಿ ತುಂಬಿದಾಗ ಬಿಡುತ್ತೆ. ಎರಡೂ ಇಲ್ದಿದ್ರೆ ಕೆರೆ ಒಡೆಯುತ್ತೆ," ಎಂದರು. ಬಸ್ಸಿನಲ್ಲಿ ಭಾವಮೈದುನನ ಎದುರು ಒಡೆದ ಕೆರೆ ನೆನಪಾಗಿ ನಾನು ತಲೆ ತಗ್ಗಿಸಿದೆ.

ಆಮೇಲೆ ನೀರಿನ ಕಡೆ ತಿರುಗಿಸಿದರು. ಶಿವ ಕುಣಿದ ಕಲ್ಲಿನಿಂದ ಕುಣಿಗಲ್ ಆಯಿತು ಎಂಬ ಊರ ಮಾತನ್ನು ಒಂದು ವಾಕ್ಯದಲ್ಲಿ ಹೇಳಿ, ಗಡಿಯಾರ ನೋಡಿಕೊಂಡು ಬಾಯಿ ಮುಚ್ಚಿದರು. ಈ ಕೆರೆಯ ಮೇಲೆ ಚಂದ್ರ ಮೂಡುವುದನ್ನು ಹೊಗಳುವ ಜನಪದ ಗೀತೆ ಕನ್ನಡದವರಿಗೆಲ್ಲ ಬಾಯಿಪಾಠ. ಮೇಷ್ಟ್ರು ಆ ಹಾಡಿನ ಸುದ್ದಿಯನ್ನೇ ಎತ್ತಲಿಲ್ಲ. ಹುಣ್ಣಿಮೆಯ ಶನಿವಾರವನ್ನೇ ಏಕೆ ಕುಣಿಗಲ್ಲಿಗೆ ಇಟ್ಟಿದ್ದರು ಎಂದು ತಿಳಿಯಲು ನಮಗೆ ಕಾಲು ಗಂಟೆ ಬೇಕಾಯಿತು. ಅಜ್ಜಿ ಏರಿಯ ಮೇಲಿನ ಕಲ್ಲೊಂದರ ಮೇಲೆ ಕೂತು ತಾವೇ ಗುನುಗತೊಡಗಿದರು.

ಕಾಫಿಯ ಹೊತ್ತಿಗೆ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು: ಮೂರು ಸಂಜೆಯಲ್ಲಿ ನಾನು ಹೇಳದೆ ಇದ್ದದ್ದು, ನೀವಾಗಿ ನೋಡಿದ್ದು ಏನು? ಒಬ್ಬರು ಕೈದಾಳದ ಹುಣಿಸೆಮರ ಎಂದರು. ನಾನು ಮಂಡಿಪೇಟೆಯ ಹಳೆಯ ತಕ್ಕಡಿಯೊಂದನ್ನು ಹೇಳಿದೆ. ಮೊಮ್ಮಗಳು ಲೋಟ ಕೆಳಗಿಟ್ಟು, "ನೀವು ನಿಂತಿದ್ ಕಡೆಯೆಲ್ಲಾ ನಮ್ಮಜ್ಜಿ ಕೂತ್ಕೊಳ್ಳಕ್ಕೆ ಜಾಗ ಇತ್ತು," ಎಂದಳು.

ಜಗಲಿ, ಕಲ್ಲುಕಟ್ಟೆ, ಮಹಾದ್ವಾರ, ಏರಿಯ ಕಲ್ಲು. ಮನಸ್ಸಿನಲ್ಲೇ ಎಣಿಸಿದೆ. ಮೇಷ್ಟ್ರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದರು.

"ಅದು ಗೊತ್ತಾಗ್ಬಾರ್ದಿತ್ತು ಕಣಮ್ಮ," ಎಂದರು.