ಬಳಸಿದ ಕುದುರೆ ಸಾಗಣೆ ವಾಹನದ ಆಯ್ಕೆ

ಕುದುರೆ ಸಾಗಣೆ ವಾಹನವು ಕುದುರೆಗಳನ್ನು ರಸ್ತೆಯ ಮೂಲಕ ಒಯ್ಯಲು ಸಜ್ಜುಗೊಳಿಸಿದ ಸರಕು ವಾಹನವಾಗಿದೆ. ಬೆಂಗಳೂರು, ಮೈಸೂರುಗಳ ಪಂದ್ಯದ ಕುದುರೆಗಳಿಗೆ ಇದಕ್ಕೆಂದೇ ಕಟ್ಟಿದ ಲಾರಿಗಳಿವೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ, ನಾಗನೂರದಂತಹ ಊರುಗಳಲ್ಲಿ, ಜಾತ್ರೆಯ ಗಾಡಿ ಶರ್ಯತ್ತಿಗಾಗಿ ಒಂದೆರಡು ಕುದುರೆ ಸಾಕುವವರಿಗೆ ಅಂತಹ ಲಾರಿ ಕೈಗೆಟುಕುವಂಥದ್ದಲ್ಲ. ಬಳಸಿದ ಪಿಕ್‌ಅಪ್ ಅಥವಾ ಸಣ್ಣ ಲಾರಿಯನ್ನು ಕೊಂಡು ಮಾರ್ಪಡಿಸಿಕೊಳ್ಳುವುದೇ ಅವರಿಗೆ ಉಳಿದಿರುವ ದಾರಿ. ಹಳೆಯ ವಾಹನದ ಬೆಲೆಯನ್ನು ಎಂಜಿನ್ ನೋಡಿ ಕಟ್ಟುವ ರೂಢಿಯಿದ್ದರೂ, ಕುದುರೆಯ ಮಟ್ಟಿಗೆ ಮೊದಲು ಪರೀಕ್ಷಿಸಬೇಕಾದುದು ಅದು ನಿಲ್ಲುವ ನೆಲ.

ಗಾತ್ರ ಮತ್ತು ನಿಯಮಗಳು

ಪ್ರಾಣಿ ಸಾಗಣೆ ನಿಯಮಗಳು, 1978 ಹಾಗೂ ಕೇಂದ್ರ ಮೋಟಾರು ವಾಹನ ನಿಯಮಗಳ 125ಇ ನಿಯಮ ಕುದುರೆ ಸಾಗಣೆಗೆ ಅನ್ವಯಿಸುತ್ತವೆ. ಎರಡನೆಯದು 2015ರ ತಿದ್ದುಪಡಿಯಿಂದ ಸೇರಿದ್ದು. ಅದರಂತೆ ಪ್ರತಿ ಕುದುರೆಗೂ ಕನಿಷ್ಠ 2.25 ಚದರ ಮೀಟರ್ ಜಾಗವಿರುವ ಪ್ರತ್ಯೇಕ, ಸ್ಥಿರವಾದ ಅಂಕಣವಿರಬೇಕು. ಪ್ರಾಣಿಗಳೊಂದಿಗೆ ಬೇರೆ ಸರಕನ್ನು ಹೇರುವಂತಿಲ್ಲ.

ಕೊಳ್ಳುವ ಮೊದಲೇ ಈ ಲೆಕ್ಕ ಹಾಕುವುದು ಒಳಿತು. 7 ಅಡಿ ಉದ್ದ, ಸುಮಾರು 4.75 ಅಡಿ ಅಗಲದ ಬಾಡಿಯ ವಿಸ್ತೀರ್ಣ 3.1 ಚದರ ಮೀಟರ್ ಆಗುವುದರಿಂದ ಅದರಲ್ಲಿ ಒಂದೇ ಕುದುರೆಗೆ ಅವಕಾಶ. 9 ಅಡಿ ಉದ್ದ, 5.5 ಅಡಿ ಅಗಲವಿದ್ದರೆ 4.6 ಚದರ ಮೀಟರ್. ಎರಡು ಕುದುರೆಗಳಿಗೆ ಬೇಕಾದ 4.5 ಚದರ ಮೀಟರಿಗೆ ಇದು ಕಷ್ಟದಿಂದ ಸಾಲುತ್ತದೆ, ನಡುವಿನ ಅಡ್ಡಗೋಡೆ ದಪ್ಪವಾದರೆ ಅದೂ ಇಲ್ಲ. ಜೋಡಿ ಕುದುರೆ ಇರುವವರು ಅಗ್ಗವೆಂದು ಚಿಕ್ಕ ವಾಹನ ಕೊಂಡು ಎರಡನ್ನೂ ಅದರಲ್ಲೇ ಹತ್ತಿಸುವುದು ಸಾಮಾನ್ಯವಾಗಿ ಆಗುವ ತಪ್ಪು.

1978ರ ನಿಯಮಗಳು ನೆಲಕ್ಕೆ ಜಾರದ ಹಾಸು, ಬದಿಗಳು ತಗ್ಗಾಗಿದ್ದರೆ ಅವುಗಳ ಎತ್ತರಿಕೆ, ಕುದುರೆಗಳ ನಡುವೆ ಕನಿಷ್ಠ 8 ಸೆಂ.ಮೀ. ವ್ಯಾಸದ ಬಿದಿರಿನ ಗಳು, ಹಿಂಬದಿಗೆ ಎರಡು ಗಟ್ಟಿ ಅಡ್ಡಪಟ್ಟಿ ಮತ್ತು ಜೊತೆಗೆ ಒಬ್ಬ ಪರಿಚಾರಕನನ್ನು ಕೇಳುತ್ತವೆ. ಎದುರಿನ ವಾಹನಗಳಿಗೆ ಬೆದರದಂತೆ ಕುದುರೆಯ ತಲೆ ಎಡಕ್ಕಿರಬೇಕು. ವೇಗ ಗಂಟೆಗೆ 35 ಕಿ.ಮೀ. ಮೀರಬಾರದು. ಅಂದರೆ ಗೋಕಾಕದಿಂದ ಬೆಳಗಾವಿಗೆ ಸುಮಾರು 70 ಕಿ.ಮೀ. ಸಾಗಲು ಎರಡು ತಾಸು ಹಿಡಿಯುತ್ತದೆ. ಇಷ್ಟು ನಿಧಾನವಾಗಿ ಓಡುವ ವಾಹನಕ್ಕೆ ಹೆಚ್ಚಿನ ಶಕ್ತಿಯ ಎಂಜಿನ್ ಬೇಕಿಲ್ಲ. ಆ ಹಣ ಬಾಡಿಗೆ ಸಲ್ಲಬಹುದು.

ನೆಲ ಮತ್ತು ಚಾಸಿ

ಹಿಂದೆ ದನ, ಎಮ್ಮೆ, ಕುರಿಗಳನ್ನು ಸಾಗಿಸಿದ ವಾಹನದಲ್ಲಿ ಮೂತ್ರವು ಹಲಗೆಗಳ ಸಂದಿನಲ್ಲಿ ಇಳಿದು ಕೆಳಗಿನ ಕಬ್ಬಿಣವನ್ನು ತಿನ್ನುತ್ತದೆ. ಮೇಲೆ ಹೊಸ ತಗಡು ಹೊದಿಸಿ ಬಣ್ಣ ಬಳಿದರೆ ಇದು ಕಾಣುವುದಿಲ್ಲ. ಆದ್ದರಿಂದ ಹಾಸನ್ನು ಎತ್ತಿಸಿ, ವಾಹನದ ಅಡಿಗೆ ಹೋಗಿ, ಅಡ್ಡತೊಲೆಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಕಬ್ಬಿಣ ಖಣಿಲೆನ್ನುತ್ತದೆ; ತುಕ್ಕು ತಿಂದುದು ಮಂಕಾಗಿ ಸದ್ದುಮಾಡಿ ಪುಡಿ ಉದುರಿಸುತ್ತದೆ. ಕುದುರೆಯ ಇಡೀ ಭಾರ ನಾಲ್ಕು ಗೊರಸುಗಳ ಮೇಲಿರುತ್ತದೆ, ಅದು ಒದ್ದಾಗ ಒಂದೆರಡರ ಮೇಲೆಯೇ ಬೀಳುತ್ತದೆ. ಚೀಲಗಳನ್ನು ಹೊರುವ ಹಲಗೆ ಕುದುರೆಯ ಕಾಲಿನ ಕೆಳಗೆ ಮುರಿಯಬಲ್ಲದು. ಚಲಿಸುವ ವಾಹನದಲ್ಲಿ ನೆಲ ಕುಸಿದು ಕಾಲು ಸಿಕ್ಕಿಕೊಂಡರೆ ಆ ಕುದುರೆ ಉಳಿಯುವುದು ವಿರಳ.

ಕಬ್ಬು, ಮರಳು, ಇಟ್ಟಿಗೆ ಹೊತ್ತು ದುಡಿದ ವಾಹನಗಳಲ್ಲಿ ಚಾಸಿಯ ಮೇಲೆ ಬೆಸುಗೆಯ ಗುರುತು, ಬಿರುಕು, ಚಪ್ಪಟೆಯಾದ ಸ್ಪ್ರಿಂಗ್ ಪಟ್ಟಿಗಳನ್ನು ಹುಡುಕಬೇಕು. ಸಮತಟ್ಟಾದ ಜಾಗದಲ್ಲಿ ನಿಂತ ಖಾಲಿ ವಾಹನ ಒಂದು ಬದಿಗೆ ವಾಲಿದ್ದರೆ ಅದನ್ನು ಬಿಡುವುದೇ ಲೇಸು: ನಿಂತ ಕುದುರೆಯ ಭಾರ ಎತ್ತರದಲ್ಲಿದ್ದು, ತಿರುವಿನಲ್ಲಿ ಅದೂ ಸರಿದಾಡುತ್ತದೆ.

ಹತ್ತಿಸಲು ಇಳಿಜಾರು ಹಲಗೆ ಇಲ್ಲದ ವಾಹನವನ್ನು ಹೊಲದ ಒಡ್ಡಿಗೆ ಹಿಂದು ಮಾಡಿ ನಿಲ್ಲಿಸಬಹುದಾದರೂ, ಇಳಿಸುವ ಊರಿನಲ್ಲಿ ಒಡ್ಡು ಸಿಗುವ ಭರವಸೆಯಿಲ್ಲ.

ಯಂತ್ರಭಾಗ

ಎಂಜಿನನ್ನು ತಣ್ಣಗಿರುವಾಗಲೇ ಚಾಲನೆ ಮಾಡಿಸಬೇಕು. ನೀಲಿ ಹೊಗೆ ಆಯಿಲ್ ಸುಡುತ್ತಿರುವುದರ ಲಕ್ಷಣ. ಬ್ರೇಕ್ ಒಂದು ಬದಿಗೆ ಎಳೆಯುವುದು, ಕ್ಲಚ್ ಜಗ್ಗುವುದು ಬೇರೆ ಸರಕಿಗೆ ಸಹ್ಯವಾದರೂ ಕುದುರೆಯನ್ನು ಬೀಳಿಸುತ್ತವೆ. ಮರಳಿನ ಚೀಲ ಹೇರಿ ಓಡಿಸಿದರೆ ಈ ದೋಷಗಳು ಹೊರಬೀಳುತ್ತವೆ. ಟಯರಿನ ಬದಿಯಲ್ಲಿರುವ ನಾಲ್ಕಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ. 2319 ಎಂದರೆ 2019ರ 23ನೇ ವಾರ.

ದಾಖಲೆಗಳು

ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆಯನ್ನು ವಾಹನದ ಮೇಲಿನದರೊಂದಿಗೆ ಹೋಲಿಸಬೇಕು. ಸಾಲದ ನಮೂದಿದ್ದರೆ ಬ್ಯಾಂಕಿನ ಪತ್ರ ಮತ್ತು ನಮೂನೆ 35, ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30 ಅಗತ್ಯ. ಗೋಕಾಕದ ಸಾರಿಗೆ ಕಚೇರಿಯ ಸಂಕೇತ ಕೆಎ-49. ಗಡಿಯಾಚೆಯ ಕೊಲ್ಹಾಪುರದ ಎಂಎಚ್-09, ಸಾಂಗಲಿಯ ಎಂಎಚ್-10 ವಾಹನಗಳು ಅಗ್ಗವೆನಿಸಬಹುದು. ಆದರೆ ಅವುಗಳಿಗೆ ನಮೂನೆ 28ರ ನಿರಾಕ್ಷೇಪಣಾ ಪತ್ರ, ಮರುನೋಂದಣಿ ಮತ್ತು ಕರ್ನಾಟಕದ ತೆರಿಗೆ ಸೇರಿದ ಮೇಲೆಯೇ ನಿಜವಾದ ಬೆಲೆ ತಿಳಿಯುತ್ತದೆ. ಸರಕು ವಾಹನಕ್ಕೆ ಎಂಟು ವರ್ಷ ತುಂಬಿದ ನಂತರ ಅರ್ಹತಾ ಪತ್ರವನ್ನು (ಎಫ್‌ಸಿ) ಪ್ರತಿವರ್ಷ ನವೀಕರಿಸಬೇಕಾದ ಖರ್ಚೂ ಇದೆ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಗಳಿಗೆ ಪರ್ಮಿಟ್ ಬೇಕಿಲ್ಲ.

ಬಾಡಿಯ ಮಾರ್ಪಾಡನ್ನು ಸಾರಿಗೆ ಕಚೇರಿಯ ಗಮನಕ್ಕೆ ತರದೆ ಮಾಡಿಸಿದ ವಾಹನ ಅರ್ಹತಾ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ವಿಮೆಯನ್ನು ಹೊಸ ಮಾಲೀಕರ ಹೆಸರಿಗೆ ಬದಲಿಸಲು 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ವಾಹನದ ವಿಮೆ ಕುದುರೆಯನ್ನು ಒಳಗೊಳ್ಳುವುದಿಲ್ಲ. ಪ್ರಯಾಣಕ್ಕೆ ಕುದುರೆ ಯೋಗ್ಯವೆಂಬ ಪಶುವೈದ್ಯರ ಪ್ರಮಾಣಪತ್ರವನ್ನು ಪ್ರತಿ ಸಾಗಣೆಗೂ ಪ್ರತ್ಯೇಕವಾಗಿ ಪಡೆಯಬೇಕಾಗುತ್ತದೆ.