ಪೆಟ್ರೋಲ್ ಸೋರುವ ಮೊಪೆಡ್‌ನಲ್ಲಿ ಹಾಲು ತರಬೇಡಿ

ಅಕ್ಕಂದಿರೇ,

ಕಳೆದ ತಿಂಗಳು ಒಂದು ಸಂಘಕ್ಕೆ ಹೋಗಿದ್ದೆ. ನನ್ನ ಕಣ್ಣೆದುರೇ ಒಬ್ಬ ಅಕ್ಕನ 6 ಲೀಟರ್ ಹಾಲು ವಾಪಸ್ ಹೋಯಿತು. ಹಸುವಿಗೆ ಕಾಯಿಲೆ ಇರಲಿಲ್ಲ, ಹಾಲಿಗೆ ನೀರೂ ಬೆರೆತಿರಲಿಲ್ಲ. ಕ್ಯಾನಿನ ಮುಚ್ಚಳ ತೆಗೆದರೆ ಪೆಟ್ರೋಲ್ ವಾಸನೆ! ಹೊರಗೆ ನಿಂತಿದ್ದ ಅವರ ಹಳೆ ಮೊಪೆಡ್‌ನ ಟ್ಯಾಂಕ್ ತೊಟ್ಟಿಕ್ಕುತ್ತಿತ್ತು. "ಸಂಜೆ ವೆಲ್ಡಿಂಗ್ ಮಾಡಿಸ್ತೀವಿ ಬಿಡಿ ಡಾಕ್ಟ್ರೇ" ಎಂದರು. ಹಾಲು ಹೋದದ್ದಕ್ಕಿಂತ ಆ ಮಾತಿಗೇ ನಾನು ಹೆಚ್ಚು ಹೆದರಿದೆ.

ಉರಿಯುವುದು ಪೆಟ್ರೋಲಿನ ಆವಿ. ಟ್ಯಾಂಕ್ ಖಾಲಿ ಮಾಡಿದರೂ ಆವಿ ಒಳಗೇ ಇರುತ್ತದೆ. ಅದಕ್ಕೆ ವೆಲ್ಡಿಂಗ್ ಕಿಡಿ ತಾಗಿದರೆ ಟ್ಯಾಂಕ್ ಸಿಡಿಯುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ. ಈ ಆವಿ ಗಾಳಿಗಿಂತ ಭಾರ. ನೆಲದ ಮೇಲೇ ಹರಿದು ದೂರದ ಒಲೆಯವರೆಗೂ ಹೋಗಬಲ್ಲದು.

ಟ್ಯಾಂಕ್ ತೂತಾಗುವುದೇಕೆ?

ಅರ್ಧ ಖಾಲಿ ಇರುವ ಟ್ಯಾಂಕಿನೊಳಗೆ ತೇವ ಹನಿಗಟ್ಟುತ್ತದೆ. ಆ ನೀರು ತಳಕ್ಕೆ ಇಳಿದು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನೂ ಬೇಗ ಹಾಳುಮಾಡಬಹುದು.

ಸೋರಿಕೆ ಕಂಡರೆ ಹೀಗೆ ಮಾಡಿ

1. ಗಾಡಿಯನ್ನು ಕೊಟ್ಟಿಗೆ, ಹುಲ್ಲಿನ ಬಣವೆ, ಅಡುಗೆಮನೆಯಿಂದ ದೂರ ಬಯಲಿನಲ್ಲಿ ನಿಲ್ಲಿಸಿ. ಬೀಡಿ, ಬೆಂಕಿ ಹತ್ತಿರ ಬರಕೂಡದು.

2. ಪೆಟ್ರೋಲ್ ಕಾಕ್ ಮುಚ್ಚಿ ನೋಡಿ. ಸೋರುವುದು ನಿಂತರೆ ತೊಂದರೆ ಪೈಪ್ ಅಥವಾ ಕಾರ್ಬುರೇಟರ್‌ನದ್ದು, ಸಣ್ಣ ಖರ್ಚಿನಲ್ಲಿ ಮುಗಿಯಬಹುದು. ನಿಲ್ಲದಿದ್ದರೆ ಟ್ಯಾಂಕ್ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಒದ್ದೆಯಾದ ಕಡೆ ತೂತು ಇದೆ.

3. ಸೂಜಿಮೊನೆಯಷ್ಟು ತೂತಾದರೆ ಬಟ್ಟೆ ಸೋಪನ್ನು ಒತ್ತಿ ಉಜ್ಜಿ. ಸೋಪು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಆದರೆ ಇದು ಮೆಕ್ಯಾನಿಕ್ ಬರುವವರೆಗೆ ಮಾತ್ರ.

4. ಪೆಟ್ರೋಲ್ ಇಳಿಸಲು ಪೈಪನ್ನು ಬಾಯಲ್ಲಿ ಎಳೆಯಬೇಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಜೀವಕ್ಕೆ ಕುತ್ತು. ಹಾಲಿನ ಕ್ಯಾನಿಗಂತೂ ಇಳಿಸಲೇಬೇಡಿ.

5. ತುಕ್ಕಿನಿಂದ ಒಂದು ತೂತು ಬಿದ್ದರೆ ಸುತ್ತಲಿನ ತಗಡೂ ತೆಳುವಾಗಿರುತ್ತದೆ. ಒಂದು ಮುಚ್ಚಿದರೆ ಇನ್ನೊಂದು ಬೀಳುತ್ತದೆ. ಟ್ಯಾಂಕ್ ಬದಲಿಸುವುದೇ ಲೇಸು. ಬೆಸುಗೆಯೇ ಬೇಕೆಂದರೆ ಪೆಟ್ರೋಲ್ ಟ್ಯಾಂಕ್ ಕೆಲಸದಲ್ಲಿ ಪಳಗಿದವರಿಗೇ ಕೊಡಿ. ಅವರು ಟ್ಯಾಂಕ್ ಬಿಚ್ಚಿ, ಒಳಗಿನ ಆವಿ ತೆಗೆದೇ ಕೆಲಸ ಶುರುಮಾಡುತ್ತಾರೆ. ಗೇಟು, ಕಿಟಕಿ ಮಾಡುವ ಅಂಗಡಿಯ ಕೆಲಸ ಇದಲ್ಲ.

ಹಾಲು ಮತ್ತು ಹಸುವಿನ ಬಗ್ಗೆ

ಹಾಲಿನ ಕೊಬ್ಬು ವಾಸನೆಯನ್ನು ಬೇಗ ಹೀರುತ್ತದೆ. ಪೆಟ್ರೋಲ್ ತಾಗಿದ ಪ್ಲಾಸ್ಟಿಕ್ ಕ್ಯಾನನ್ನು ಎಷ್ಟು ತೊಳೆದರೂ ಮತ್ತೆ ಹಾಲಿಗೆ ಬಳಸಬೇಡಿ. ಗಾಡಿಯಲ್ಲಿ ತಂದ ಹಿಂಡಿ, ಬೂಸಾ, ಹಸಿಹುಲ್ಲಿಗೆ ಪೆಟ್ರೋಲ್ ಬಿದ್ದಿದ್ದರೆ ಹಸುವಿಗೆ ಹಾಕಬೇಡಿ.

ಹಸು ಪೆಟ್ರೋಲ್ ನೆಕ್ಕಿದ್ದರೆ ಉಸಿರಿನಲ್ಲಿ ವಾಸನೆ ಬರಬಹುದು, ಹೊಟ್ಟೆ ಉಬ್ಬಬಹುದು, ಕೆಮ್ಮು ಕಾಣಬಹುದು. ಆಗ ಎಣ್ಣೆ, ಮಜ್ಜಿಗೆ ಏನನ್ನೂ ಗೊಟ್ಟದಲ್ಲಿ ಕುಡಿಸಬೇಡಿ. ಕುಡಿಸುವಾಗ ಹೊಟ್ಟೆಯ ಪೆಟ್ರೋಲ್ ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಹಸು ಉಳಿಯುವುದು ಕಷ್ಟ. ತಕ್ಷಣ ಪಶುವೈದ್ಯರನ್ನು ಕರೆಯಿರಿ. ಅವರು ಹೇಳುವವರೆಗೆ ಆ ಹಸುವಿನ ಹಾಲನ್ನು ಡೇರಿಗೂ ಹಾಕಬೇಡಿ, ಮನೆಗೂ ಬಳಸಬೇಡಿ.

ಆ ಅಕ್ಕ ವೆಲ್ಡಿಂಗ್ ಬಿಟ್ಟು ಬೇರೆ ಟ್ಯಾಂಕ್ ಹಾಕಿಸಿದರು. ಅದು ಬರುವವರೆಗೆ ನಾಲ್ಕು ದಿನ ಕ್ಯಾನ್ ಹಿಡಿದು ನಡೆದೇ ಬಂದರು. ಒಂದು ತೊಟ್ಟು ಹಾಲೂ ವಾಪಸ್ ಹೋಗಲಿಲ್ಲ. ನಾಳೆ ಹಾಲು ಕರೆದು ಹೊರಡುವ ಮುಂಚೆ ನೀವೂ ಒಮ್ಮೆ ಬಗ್ಗಿ ನಿಮ್ಮ ಗಾಡಿಯ ಕೆಳಗೆ ನೋಡಿ.

– ನಿಮ್ಮ ಪಶುವೈದ್ಯಾಧಿಕಾರಿ